ಮಸ್ಕಿ ಗುಡ್ಡದ ಬೇರು

ಕುರಿ ಮೇಯಿಸುವ ತುರ್ವಿಹಾಳದ ಈರಮ್ಮ ಹಣೆಗೆ ಬಟ್ಟೆ ಬಿಗಿದುಕೊಂಡು ಸಿಂಧನೂರಿನ ನಮ್ಮ ಮನೆ ಬಾಗಿಲಲ್ಲಿ ಕೂತಿದ್ದಳು. ಬೆಳಕಿಗೆ ಒಂದು ಕಣ್ಣು ತೆರೆಯಲು ಆಗುತ್ತಿರಲಿಲ್ಲ.

“ಸರ, ನಾ ಕೊಟ್ಟ ಬೇರು ಒಂಚೂರರೆ ಉಳದೈತೇನ್ರಿ?”

ತೊಂಬತ್ತರ ದಶಕದ ಆರಂಭ. ನಾನಾಗ ಪತ್ರಿಕೆಯೊಂದರ ವರದಿಗಾರ. ಅರೆತಲೆನೋವು ಬಾರದಂತೆ ಮಸ್ಕಿ ಗುಡ್ಡದ ಒಂದು ಬೇರನ್ನು ವಾರಕ್ಕೊಮ್ಮೆ ಹಾಲಿನಲ್ಲಿ ತೇದು ಕುಡಿಯುತ್ತಿದ್ದ ಆಕೆ, ಅದೇ ನೋವಿದ್ದ ನನಗೂ ಅದನ್ನು ಕೊಟ್ಟಿದ್ದಳು. ಬೇರಿನ ಹೆಸರು ಯಾರಿಗೂ ಹೇಳಬಾರದು, ಹೇಳಿದರೆ ಗುಣ ಹೋಗುತ್ತದೆ ಎಂದಿದ್ದಳು. ಮೂಢನಂಬಿಕೆ ಎಂದುಕೊಂಡ ನಾನು ಗಿಡದ ಹೆಸರನ್ನೂ ಅದು ಬೆಳೆಯುವ ಜಾಗವನ್ನೂ ಪತ್ರಿಕೆಯಲ್ಲಿ ಬರೆದುಬಿಟ್ಟೆ.

“ಲಿಂಗಸುಗೂರು ಕಡಿಂದ ಮಂದಿ ಚೀಲ ಹಿಡ್ಕೊಂಡು ಬಂದ್ರು. ಒಂದೂ ಬಿಡಲಾರ್ದಂಗ ಬುಡಸಮೇತ ಕಿತ್ತಾರ್ರೀ. ನಿಮ್ಮ ಪೇಪರ್ ಭಾರೀ ಓಡತೈತಿ ಬಿಡ್ರಿ,” ಎಂದು ನಕ್ಕಳು. ನಕ್ಕರೂ ನೋವಾಗುತ್ತಿತ್ತೇನೋ, ಹಣೆ ಒತ್ತಿಕೊಂಡಳು.

ಡಬ್ಬಿಯಲ್ಲಿ ಹೆಬ್ಬೆರಳುದ್ದದ ತುಂಡು ಉಳಿದಿತ್ತು. ತಂದು ಕೊಟ್ಟೆ. ನನಗೂ ಬೇಕಾಗುತ್ತದೆಂದು ಆಕೆ ಅದರಲ್ಲಿ ಅರ್ಧ ಮುರಿದು ನನ್ನ ಕೈಗೇ ಇಟ್ಟು ಹೋದಳು.

ಆ ವರದಿಯಲ್ಲಿ ತಿದ್ದುಪಡಿ ಹಾಕುವಂಥ ತಪ್ಪು ಒಂದೂ ಇರಲಿಲ್ಲ. ಇದ್ದಿದ್ದರೆ ನಾಚಿಕೆ ಇಷ್ಟು ವರ್ಷ ಉಳಿಯುತ್ತಿರಲಿಲ್ಲ.