ಬಿಡುವಿಲ್ಲದ ದೋಣಿ ಬ್ಯಾಟರಿ

ದುಬಾರೆ ಬಳಿಯ ರೆಸಾರ್ಟೊಂದರ ದೋಣಿ ಬ್ಯಾಟರಿ ಆರೇ ತಿಂಗಳಿಗೆ ಸತ್ತಿತ್ತು. ಬ್ಯಾಟರಿ ಡೀಲರ್ ಕಡೆಯಿಂದ ವಾರಂಟಿಯಲ್ಲಿ ಬದಲಾಯಿಸಲು ಹೋಗಿದ್ದೆ. ಒಳಗೆ ನೀರು ಸರಿಯಾಗಿತ್ತು, ಟರ್ಮಿನಲ್ಲು ಹೊಳೆಯುತ್ತಿತ್ತು. ನನಗೇನೂ ಅರ್ಥವಾಗಲಿಲ್ಲ.

"ರಾತ್ರಿ ಚಾರ್ಜಿಗೆ ಹಾಕ್ತೀರಲ್ಲ?" ಎಂದೆ.

"ರಾತ್ರಿ ಅದು ನಮ್ಮ ಗದ್ದೆಯ ಆನೆ ಬೇಲಿಗೆ ಕರೆಂಟು ಕೊಡ್ತದೆ ಸಾರ್," ಎಂದರು ದೋಣಿ ನಡೆಸುವ ಅಪ್ಪಯ್ಯ.

"ಮತ್ತೆ ಚಾರ್ಜು ಯಾವಾಗ?"

"ಮಧ್ಯಾಹ್ನ ಊಟದ ಹೊತ್ತಿಗೆ ಒಂಚೂರು. ಹಗಲು ದೋಣಿ, ರಾತ್ರಿ ಬೇಲಿ. ಪಾಪ, ಅದಕ್ಕೆ ಬಿಡುವೆಲ್ಲಿ? ರೆಸಾರ್ಟಿನವರಿಗೆ ಮಾತ್ರ ಹೇಳ್ಬೇಡಿ, ನನ್ನ ಕೆಲಸ ಹೋಗ್ತದೆ."

ಫಾರಮ್ಮಿನಲ್ಲಿ 'ಹಾಳಾಗಲು ಕಾರಣ' ಎಂದಿತ್ತು. ಸುಳ್ಳು ಬರೆಯಲು ಮನಸ್ಸಾಗಲಿಲ್ಲ, ನಿಜ ಬರೆದರೆ ಅಪ್ಪಯ್ಯನ ಕೆಲಸ ಉಳಿಯುವುದಿಲ್ಲ. ತುಂಬಾ ಯೋಚಿಸಿ 'ಆನೆ' ಎಂದಷ್ಟೇ ಬರೆದು ಬ್ಯಾಟರಿಯ ಫೋಟೊ ಲಗತ್ತಿಸಿದೆ.

ಕಂಪನಿ ಮರುಮಾತಿಲ್ಲದೆ ಹೊಸ ಬ್ಯಾಟರಿ ಕಳಿಸಿತು. ಆನೆ ತುಳಿದರೂ ಬಿರುಕು ಬಿಡದ ಆ ಹಳೆಯದರ ಫೋಟೊವನ್ನು ಜಾಹೀರಾತಿಗೆ ಬಳಸಬಹುದೇ ಎಂದು ಈಗ ನನ್ನನ್ನೇ ಕೇಳುತ್ತಿದೆ.