ಮೇಸ್ತ್ರಿ ಚಿತ್ತಯ್ಯ ಮತ್ತು ಗಾಡಿಬಾವಿ ತಿರುವು

ಮಧುಗಿರಿ ಕಡೆಯಿಂದ ಆಂಧ್ರದ ಗಡಿಗೆ ಹೋಗುವ ನಮ್ಮ ಹೆದ್ದಾರಿ ಮೊದಲು ಬರೀ ಗಾಡಿಜಾಡು. ಕಡಲೆಕಾಯಿ ಹೇರಿದ ಗಾಡಿಗಳು ನೀರಿದ್ದ ಕಡೆಗೆ ತಿರುಗಿ ತಿರುಗಿ ಹೋಗುತ್ತಿದ್ದವು. ಆಮೇಲೆ ಜಲ್ಲಿ ಬಿತ್ತು, ಟಾರು ಬಿತ್ತು, ರಾಜ್ಯ ಹೆದ್ದಾರಿ ಅಂತ ನಂಬರೂ ಬಂತು. ಜಾಡು ಮಾತ್ರ ಅದೇ. ಅದರಲ್ಲಿ ಐದು ಮೈಲಿ ರಿಪೇರಿ ನಮ್ಮ ಗ್ಯಾಂಗಿನದಾಗಿತ್ತು. ಚಿತ್ತಯ್ಯ ಮೇಸ್ತ್ರಿ, ನಾನು ಮಣ್ಣಿನ ಮಂಕರಿ ಹೊರುವವಳು. ಮಗಳ ಮದುವೆಯ ದಿನವೂ ಮಳೆ ಬಂತೆಂದು ಮೋರಿ ನೋಡಿ ಬಂದು ಧಾರೆ ಎರೆದವನು ಅವನು.

ಈ ಬೇಸಿಗೆಯಲ್ಲಿ ರಸ್ತೆ ಅಗಲ ಮಾಡುವವರು ಬಂದರು. ಹಳೇ ಬಾವಿಯನ್ನು ಬಳಸಿ ಹೋಗುವ ಗಾಡಿಬಾವಿ ತಿರುವನ್ನು ನೇರ ಮಾಡಿ, ಮುಚ್ಚಿದ ಬಾವಿಯ ಮೇಲೆಯೇ ರಸ್ತೆ ಒಯ್ಯುತ್ತಾರೆ ಅಂತ ಕೇಳಿದ್ದೇ ಚಿತ್ತಯ್ಯ ನಮ್ಮ ಮನೆಗೆ ಓಡಿಬಂದ.

"ಓಬಕ್ಕ, ಆ ಬಾವಿ ಮುಚ್ಚಿದ್ದು ಗ್ಯಾನ ಐತಾ?"

ಇಲ್ಲದೆ ಏನು. ಬರದ ವರ್ಷ, ಕೂಲಿಗೆ ಗೋಧಿ ಕೊಡುತ್ತಿದ್ದರು. ಸಾಹೇಬರು ತಪಾಸಣೆಗೆ ಬರುವಷ್ಟರಲ್ಲಿ ಮುಗಿಯಲಿ ಅಂತ, ಪೂರಾ ಮಣ್ಣು ತುಂಬಬೇಕಾದ ಬಾವಿಗೆ ಜಾಲಿಮುಳ್ಳು ತುಂಬಿ, ಮೇಲೆ ಸೊಂಟಮಟ್ಟ ಮಣ್ಣು ಎಳೆದಿದ್ದೆವು. ಹೇಳಿದವನು ಚಿತ್ತಯ್ಯ, ಹೊತ್ತವರು ನಾವು.

"ಮುಳ್ಳೆಲ್ಲ ಗೊಬ್ಬರ ಆಗೈತೆ, ಒಳಗೆ ಪೊಳ್ಳು. ರೋಲರ್ ಹತ್ತಿದ್ರೆ ಆಳಿನ ಸಮೇತ ಒಳಕ್ಕೋಗ್ತೈತೆ."

"ಹೋಗಿ ಹೇಳು ಮತ್ತೆ."

"ಏನಂತ ಹೇಳ್ಲಿ? ನಾನೇ ಮಾಡಿದ ಮೋಸ ಅಂತಲಾ?"

ಹಾರೆ ಹೆಗಲಿಗೆ ಹಾಕಿಕೊಂಡು ಹೊರಟ. ನನಗೆ ಮನೆಯಲ್ಲಿ ನಿಲ್ಲಲಾಗಲಿಲ್ಲ, ಹಿಂದೆಯೇ ನಡೆದೆ. ರೋಲರಿನ ಸದ್ದು ದೂರದಿಂದಲೇ ಕೇಳುತ್ತಿತ್ತು. ನಡುವೆ ಒಂದು ಸಲ ನಿಂತಿತು. ನನ್ನ ಕಾಲೂ ನಿಂತವು. ಮತ್ತೆ ಶುರುವಾಯಿತು.

ಅಲ್ಲಿ ಚಿತ್ತಯ್ಯ ಬಾವಿಯ ಮಾತೆತ್ತಿದ್ದಕ್ಕೆ ಹೊಸ ಇಂಜಿನಿಯರ್ ನಕ್ಷೆ ಬಿಚ್ಚಿದರು. "ತಾತ, ಇದ್ರಲ್ಲಿ ಬಾವಿನೇ ಇಲ್ವಲ್ಲ."

"ಮುಚ್ಚಿದ್ಮೇಲೆ ಬರ್ದಿರೋದು ಸ್ವಾಮಿ ಅದು."

"ಮುಚ್ಚಿದಾರಲ್ಲ, ಮತ್ತೇನು?"

ಚಿತ್ತಯ್ಯ ಹಾರೆಯನ್ನು ಹೆಗಲಿನಿಂದ ಇಳಿಸಿದ. ಅಷ್ಟರಲ್ಲಿ ರೋಲರು ಹಿಂದೆ ಮುಂದೆ ಆಡುತ್ತ ಹತ್ತು ಮಾರು ಹತ್ತಿರ ಬಂದಿತ್ತು. ಅದನ್ನು ಓಡಿಸುತ್ತಿದ್ದ ಬಾಷಾಸಾಬಿ ಮೇಲಿಂದಲೇ ಕೂಗಿದ: "ಏನ್ ಮೇಸ್ತ್ರಿ, ರಿಟೇರಾದ್ರೂ ರೋಡ್ ಮೇಲಿನ ಆಸೆ ಹೋಗ್ಲಿಲ್ವಾ? ಸರಿಯಯ್ಯ ಅತ್ಲಾಗೆ!"

ಚಿತ್ತಯ್ಯ ಸರಿಯಲಿಲ್ಲ. ಬಾವಿಯ ಮೇಲೆ ಹರಡಿದ್ದ ಹೊಸ ಮಣ್ಣಿನ ನಡುವೆ ಹೋಗಿ ನಿಂತು ಹಾರೆ ಎತ್ತಿ ಹಾಕಿದ. ಗಟ್ಟಿ ನೆಲವಾದರೆ ಹಾರೆ ಠಣ್ಣೆಂದು ಕೈಗೆ ಒದೆಯುತ್ತದೆ. ಇದು ಬುಸ್ಸೆಂದು ಇಳಿಯಿತು. ಎರಡನೆಯ ಏಟಿಗೆ ಕೈಜಾರಿ ಪೂರಾ ಒಳಗೇ ಹೋಯಿತು. ಸ್ವಲ್ಪ ತಡೆದು ಕೆಳಗೆಲ್ಲೋ ಕಲ್ಲಿಗೆ ಬಡಿದ ಸದ್ದು ಬಂತು.

ಬಾಷಾಸಾಬಿ ಇಂಜಿನ್ ಆರಿಸಿದ.

"ಮುಳ್ಳು ತುಂಬಿಸ್ದೋನು ನಾನೇ ಸ್ವಾಮಿ," ಎಂದ ಚಿತ್ತಯ್ಯ, ನಿಂತಲ್ಲೇ. "ಬರ್ಕೊಳ್ಳಿ, ನಾನೇ."

"ಅದನ್ನ ಆಮೇಲೆ ಬರೆಸೀಯಂತೆ! ನೀನ್ ನಿಂತಿರೋದು ಎಲ್ಲಿ ಅಂತ ನೋಡ್ಕೊ!" ಬಾಷಾಸಾಬಿ ರೋಲರಿನಿಂದ ಕೆಳಗೆ ಹಾರಿದ. "ಮಲಕ್ಕೋ ಮೇಸ್ತ್ರಿ. ಹೊಟ್ಟೆ ಮೇಲೆ ತೆವಳ್ಕೊಂಡು ಬಾ."

ಆ ಮೂರು ಮಾರು ದಾಟಲು ಅವನಿಗೆ ಎಷ್ಟು ಹೊತ್ತು ಹಿಡಿಯಿತೋ ತಿಳಿಯದು. ಅಂಚಿಗೆ ಬಂದವನ ಮುಂಗೈ ಹಿಡಿದು ಎಳೆದುಕೊಂಡೆ. ಹಿಡಿದ ಕೈಯನ್ನು ಬಹಳ ಹೊತ್ತು ಬಿಡಲಿಲ್ಲ.