ಅತ್ತೆಯ ಅಳತೆಯ ಕುಬಸ

ಏಳು ತಿಂಗಳ ಬಸುರಿಯಾಗಿದ್ದಾಗ ನಾನು ಬಟ್ಟೆಯ ಕಪಾಟಿನ ಎದುರು ಕುಳಿತು ಅತ್ತಿದ್ದೇನೆ. ಕಾರಣ ಹೇಳಿದರೆ ನಗುತ್ತೀರಿ: ಇದ್ದ ಎಂಟು ಕುಬಸಗಳಲ್ಲಿ ಒಂದಕ್ಕೂ ಹುಕ್ಕು ಕೂಡಲಿಲ್ಲ. ಮರುದಿನವೇ ಕುಂದಗೋಳದಲ್ಲಿ ನಮ್ಮ ಅತ್ತೆಯ ತಂಗಿಯ ಮಗಳ ಮದುವೆ.

ಸೀರೆ ದೊಡ್ಡ ಮನಸ್ಸಿನದು. ಹೊಟ್ಟೆ ಎಷ್ಟು ಬೆಳೆದರೂ ಎರಡು ನಿರಿಗೆ ಬಿಟ್ಟುಕೊಟ್ಟು ಹೊಂದಿಕೊಳ್ಳುತ್ತದೆ. ಕುಬಸ ಹಾಗಲ್ಲ, ಹೊಲಿಸಿದ ದಿನದ ಅಳತೆಯನ್ನೇ ಹಿಡಿದು ಕೂರುತ್ತದೆ. ಬಸುರಿಗೆ ಹಸಿರು ಸೀರೆ ಉಡಿಸಿ ಆರತಿ ಮಾಡುವ ಕಾರ್ಯಕ್ಕೆ ಬೇರೆ ಕಡೆಯವರು ಸೀಮಂತ ಎನ್ನುತ್ತಾರೆ. ನಮ್ಮಲ್ಲಿ ಅದರ ಹೆಸರೇ ಕುಬಸ. ಪಂಡಿತರು ಇದಕ್ಕೆ ಏನೇನು ಅರ್ಥ ಹೇಳುತ್ತಾರೋ ತಿಳಿಯದು. ನನ್ನ ಸಂಶೋಧನೆ ಇಷ್ಟೇ: ಆ ಹೆಸರಿಟ್ಟವಳು ಯಾವುದೋ ಮದುವೆಗೆ ಹೊರಟು ನಿಂತಿದ್ದ ಬಸುರಿಯೇ ಇರಬೇಕು. ನನ್ನ ಕುಬಸದ ಕಾರ್ಯ ಇನ್ನೂ ಹದಿನೈದು ದಿನ ದೂರವಿತ್ತು. ಮದುವೆಯ ಹಂಗಾಮಿನಲ್ಲಿ ನಮ್ಮೂರು ನವಲಗುಂದದ ದರ್ಜಿಗಳು ನನ್ನ ಮುಖ ನೋಡುವ ಸ್ಥಿತಿಯಲ್ಲಿರಲಿಲ್ಲ.

ಗಂಡನನ್ನು ಕೇಳಿದೆ. ಯಾವುದಾದರೂ ಉಟ್ಟುಕೋ, ಎಲ್ಲರೂ ಮದುಮಗಳನ್ನು ನೋಡುತ್ತಾರೆ, ನಿನ್ನನ್ನು ಯಾರು ನೋಡುತ್ತಾರೆ ಎಂದರು. ಅದು ಅವರ ಪಾಲಿಗೆ ಸಮಾಧಾನದ ಮಾತು. ಹಾಗಾದರೆ ನೈಟಿಯ ಮೇಲೆ ಶಾಲು ಹೊದ್ದು ಬರುತ್ತೇನೆ ಎಂದು ಹೆದರಿಸಿದೆ. ಮೊಬೈಲಿನಿಂದ ತಲೆ ಎತ್ತದೆ, ಚಲೋ ಕಾಣುತ್ತದೆ ಎಂದರು.

ಆಗ ಅತ್ತೆ ತಮ್ಮ ಕೆಂಪು ಖಣದ ಕುಬಸ ಹಿಡಿದು ಬಂದರು. ಇಲ್ಲಿ ಒಂದು ತಪ್ಪೊಪ್ಪಿಗೆ. ಮದುವೆಯಾದ ಹೊಸದರಲ್ಲಿ ಹಗ್ಗದ ಮೇಲೆ ಒಣಗುತ್ತಿದ್ದ ಅತ್ತೆಯ ಕುಬಸ ನೋಡಿ, ಇದರಲ್ಲಿ ನನ್ನಂಥವರು ಇಬ್ಬರು ಹಿಡಿಯುತ್ತಾರೆ ಎಂದು ತಂಗಿಗೆ ಫೋನಿನಲ್ಲಿ ಹೇಳಿ ನಕ್ಕವಳು ನಾನು. ಈಗ ಅದನ್ನೇ ತೊಟ್ಟೆ. ಸಡಿಲವೂ ಆಗಲಿಲ್ಲ, ಬಿಗಿಯೂ ಆಗಲಿಲ್ಲ. ಅತ್ತೆ ನನ್ನ ಸುತ್ತ ಒಂದು ಸುತ್ತು ಬಂದರು.

“ಈಗ ನೋಡು, ನನ್ನ ಅಳತಿಗಿ ಬಂದಿ,” ಎಂದರು, ನಾನು ಪರೀಕ್ಷೆ ಪಾಸಾದ ಹಾಗೆ.

ಆ ಖುಷಿಯಲ್ಲಿ ತಮ್ಮ ಹಸಿರು ಇಳಕಲ್ ಸೀರೆಯನ್ನೂ ಕೊಟ್ಟರು. ಎಷ್ಟೋ ವರ್ಷಗಳಿಂದ ಬಂಧುಬಳಗದ ಮದುವೆಗಳಿಗೆಲ್ಲ ಅವರು ಅದನ್ನೇ ಉಟ್ಟಿದ್ದರು. ಮುಖಕ್ಕಿಂತ ಮೊದಲು ಆ ಸೀರೆಯ ಗುರುತು ಹಿಡಿಯುವವರೇ ಹೆಚ್ಚು.

ಮದುವೆಯಲ್ಲಿ ಅತ್ತೆ ಮದುಮಗಳ ಕೋಣೆ ಸೇರಿದರು. ನಾನು ಮುಂದಿನ ಸಾಲಿನ ಕುರ್ಚಿಯಲ್ಲಿ ತಲೆಯ ಮೇಲೆ ಸೆರಗು ಹೊದ್ದು ಕುಳಿತೆ. ಹಿಂದಿನಿಂದ ಭುಜದ ಮೇಲೆ ಒಂದು ಕೈ ಬಿತ್ತು. ಅತ್ತೆಯ ಬಾಲ್ಯದ ಗೆಳತಿ ಗೌರಕ್ಕ. ಅವರ ಒಂದು ಕಣ್ಣಿನ ಪೊರೆ ತೆಗೆದಾಗಿತ್ತು, ಇನ್ನೊಂದರದು ಬಾಕಿ ಇತ್ತು.

“ನೀಲವ್ವಾ, ಸೊಸಿ ಹೆಂಗದಾಳ ಬೇ? ಇನ್ನೂ ಎಂಟಕ್ಕ ಏಳ್ತಾಳೇನು?” ಎಂದು ಕಿವಿಯ ಹತ್ತಿರ ಕೇಳಿದರು. ನೀಲವ್ವ ನಮ್ಮ ಅತ್ತೆಯ ಹೆಸರು.

ತಿರುಗಿ ನೋಡಬೇಕಿತ್ತು, ಗೊತ್ತು. ಆದರೆ ಇಂಥ ಅವಕಾಶ ಸೊಸೆಯಾದವಳಿಗೆ ಮತ್ತೆ ಸಿಕ್ಕೀತೇ? ಸುಮ್ಮನೆ ಕೇಳಿಸಿಕೊಂಡೆ. ಚಹಾ ನೀರಾಗಿರುತ್ತದೆ, ರೊಟ್ಟಿ ಒಂದೂ ದುಂಡಗಿರುವುದಿಲ್ಲ, ಫೋನು ಕಿವಿ ಬಿಡುವುದಿಲ್ಲ ಎಂದು ಅತ್ತೆ ಹೇಳಿದ್ದನ್ನೆಲ್ಲ ಗೌರಕ್ಕ ನೆನಪಿಸಿಕೊಟ್ಟರು. ಎಲ್ಲವೂ ನಿಜ. ಅದೇ ಚುಚ್ಚಿತು. ಬ್ಯಾಂಡಿನ ಗದ್ದಲದಲ್ಲಿ ಯಾರ ದನಿಯಾದರೂ ಒಂದೇ. ಸೆರಗು ಇನ್ನಷ್ಟು ಮುಂದೆಳೆದುಕೊಂಡು ಗಂಟಲು ದಪ್ಪ ಮಾಡಿದೆ.

“ಮೊದಲ ಹಂಗಿದ್ಲು. ಈಗ ಅಗದಿ ಚಲೋ ಆಗ್ಯಾಳ. ಅಂಥಾ ಸೊಸಿ ಸಿಗೂದಿಲ್ಲ.”

ಶುರು ಮಾಡಿದ ಮೇಲೆ ಅರ್ಧಕ್ಕೆ ನಿಲ್ಲಿಸುವುದೇಕೆಂದು ತಾಳ್ಮೆ, ಜಾಣತನ, ಕೈರುಚಿ ಎಲ್ಲವನ್ನೂ ಸೇರಿಸಿದೆ. ಗೌರಕ್ಕ ತಮ್ಮ ಸೊಸೆಯನ್ನೂ ಒಂದು ತಿಂಗಳು ಕಳಿಸುತ್ತೇನೆ, ತಿದ್ದಿ ಕೊಡು ಎಂದು ಕೇಳಿಕೊಂಡು ಎದ್ದು ಹೋದರು.

ಊಟಕ್ಕೆ ಕುಳಿತಾಗ ನಾನು ಸಿಕ್ಕಿಬಿದ್ದೆ. ಗೌರಕ್ಕ ನಿಜವಾದ ಅತ್ತೆಯ ಎದುರು ನಿಂತು, ಸೊಸೆಯನ್ನು ಅಷ್ಟು ಹೊಗಳಿದೆಯಲ್ಲ, ಹೇಗೆ ತಿದ್ದಿದೆ ಎಂದು ಪಂಕ್ತಿಗೆಲ್ಲ ಕೇಳುವಂತೆ ವಿಚಾರಿಸಿದರು. ಹುಗ್ಗಿಯ ಮೇಲೆ ಅತ್ತೆಯ ಕೈ ನಿಂತಿತು. ಅವರು ಗೌರಕ್ಕನನ್ನು ನೋಡಿದರು. ಆಮೇಲೆ ನನ್ನ ತಲೆಯ ಮೇಲಿನ ಸೆರಗನ್ನು ನೋಡಿದರು. ಅವರಿಗೆ ಅರ್ಥವಾಗಿಹೋಯಿತು. ಹೊಟ್ಟೆಯೊಳಗಿನದು ಕೂಡ ಆಗಲೇ ಒಂದು ಸಲ ಒದೆಯಿತು. ನಾನು ಎಲೆಯತ್ತ ತಲೆ ಬಗ್ಗಿಸಿದೆ.

“ಹೌದು, ಅಂದೇನಿ,” ಎಂದರು ಅತ್ತೆ. “ಅದರಾಗ ಸುಳ್ಳೇನೈತಿ?”

ಬಡಿಸುವವರನ್ನು ಕರೆದು ನನ್ನ ಹುಗ್ಗಿಗೆ ಇನ್ನೊಂದು ಚಮಚ ತುಪ್ಪ ಹಾಕಿಸಿದರು. ನಮ್ಮನ್ನು ನಾವೇ ಹೊಗಳಿಕೊಂಡರೆ ಅಡ್ಡಿಯಿಲ್ಲ, ಕೆಳಗೆ ರುಜು ಹಾಕುವವರು ಒಬ್ಬರು ಮನೆಯಲ್ಲಿದ್ದರೆ ಸಾಕು ಎಂದು ಆಗ ತಿಳಿಯಿತು.

ಹುಬ್ಬಳ್ಳಿಯಲ್ಲಿ ಬಸ್ಸು ಬದಲಿಸಿದೆವು. ನವಲಗುಂದದ ಬಸ್ಸು ಹೊರಟ ಮೇಲೆ ಅತ್ತೆ ಕೇಳಿದರು:

“ಶ್ಯಾಣ್ಯಾಕಿ, ಜಾಣಿ ಅಂತನೂ ಅಂದ್ಯಂತಲ್ಲ?”

“ಹೌದ್ರಿ,” ಎಂದೆ.

“ಅದೊಂದು ಜಾಸ್ತಿ ಆತು,” ಎಂದು ಕಿಟಕಿಯ ಕಡೆ ಮುಖ ತಿರುಗಿಸಿಕೊಂಡರು. ಅವರ ಭುಜ ಅಣ್ಣಿಗೇರಿ ದಾರಿಯ ತಿರುವು ದಾಟುವ ತನಕ ಕುಲುಕುತ್ತಲೇ ಇತ್ತು. ರಸ್ತೆ ಮಾತ್ರ ಅಲ್ಲಿ ಅಗದಿ ಸಪಾಟಾಗಿದೆ.